ಕೊನೆಯ ಪುಟದ ಮೂರಕ್ಷರ

"ಖಾಲಿ ಪುಟ ಅಂತಿದೆ ಅಣ್ಣಾ," ಎಂದಳು ಅವಳು, ಪುಟ ಓದಿ ಹೇಳುವ ಕಂಪ್ಯೂಟರಿನ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು. ಬಾಣದ ಗುಂಡಿ ಒತ್ತಿದಳು. "ಎರಡನೇದೂ ಖಾಲಿ. ಮೂರನೇದೂ."

ಬೈಂಡರ್ ಅವಳ ಹಿಂದಿನಿಂದ ಬಗ್ಗಿ ಪರದೆ ನೋಡಿದ. ಪುಟ ಚೆನ್ನಾಗಿಯೇ ಇತ್ತು. ಸುತ್ತ ಬಳ್ಳಿಯ ಅಂಚು, ಮೂಲೆಯಲ್ಲಿ ಪುಟ್ಟ ಹಕ್ಕಿ, ನಡುವೆ ಸಾಲು ಸಾಲು ಅಕ್ಷರ. ಆಗಲೇ ಅವನಿಗೆ ತನ್ನ ತಪ್ಪು ಹೊಳೆದದ್ದು. ಇಪ್ಪತ್ತೆಂಟು ವರ್ಷ ಈ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದವನು ಅವನು. ಈಗ ಅವೇ ಪುಸ್ತಕಗಳ ಬೆನ್ನು ಕತ್ತರಿಸಿ, ಹಾಳೆ ಬಿಡಿಸಿ, ಸ್ಕ್ಯಾನರಿಗೆ ಕೊಡುವುದು ಅವನ ಕೆಲಸ. ಪ್ರತಿ ಸಲವೂ ಯಂತ್ರ ಕೇಳುತ್ತದೆ: ಚಿತ್ರವಾಗಿ ಉಳಿಸಲೋ, ಅಕ್ಷರವಾಗಿ ಉಳಿಸಲೋ? ಅಕ್ಷರ ಎಂದರೆ ಒಂದೊಂದು ಸಾಲೂ ತಿದ್ದುತ್ತ ಕೂರಬೇಕು, ವಾರ ಹಿಡಿಯುತ್ತದೆ. ಚಿತ್ರ ಎಂದರೆ ಅರ್ಧ ಗಂಟೆ. ಪುಸ್ತಕ ಇದ್ದ ಹಾಗೇ ಕಾಣುತ್ತದೆ ಕೂಡ. ಅವನು ಚಿತ್ರ ಎಂದಿದ್ದ. ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಿದೆಯೆಂದು ಅದರಲ್ಲೂ ತೀರಾ ಸಣ್ಣ ಅಳತೆಯದು. ಬೇಡಿಕೆಯ ಚೀಟಿಯಲ್ಲಿ 'ಕೇಳಿ ಓದುವುದಕ್ಕೆ' ಎಂದು ಬರೆದಿದ್ದನ್ನು ಅವನು ನೋಡದೆ ಇರಲಿಲ್ಲ.

"ಮೇಡಂ, ಇದು ಬರೀ ಫೋಟೋ. ನಿಮ್ಮ ಯಂತ್ರಕ್ಕೆ ಇದರಲ್ಲಿ ಅಕ್ಷರ ಸಿಗಲ್ಲ," ಎಂದ. "ನನ್ನದೇ ತಪ್ಪು."

"ಹಾಗಾದ್ರೆ ಪುಸ್ತಕ ತಂದು ಇನ್ನೊಂದ್ಸಲ ಮಾಡೋಣ."

ಕತ್ತರಿಸಿದ ಹಾಳೆಗಳು ಹೋದ ವಾರದ ರದ್ದಿಯ ಗಾಡಿಯಲ್ಲಿ ಹೋಗಿದ್ದವು. "ಹಾಳೆಗಳು ಹೋದ ವಾರ..." ಎಂದಷ್ಟೇ ಹೇಳಿ ಅವನು ಮೌಸನ್ನು ಪಕ್ಕಕ್ಕೆ ಸರಿಸಿದ. ಅವಳು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್; ದಿನವಿಡೀ ಜನರ ದನಿ ಕೇಳುವವಳು. ಕೇಳದ ಮಾತೂ ಅವಳಿಗೆ ಕೇಳಿಸಿತು. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. "ಅದು ನಮ್ಮಮ್ಮ ಬರೆದ ಪುಸ್ತಕ," ಎಂದಳು. "ಮಕ್ಕಳ ಕಥೆ. ಅವಳು ಬರೆದದ್ದು ಅದೊಂದೇ. ಅವಳು ಹೋಗಿ ಎಂಟು ತಿಂಗಳಾಯ್ತು. ಎಲ್ಲೆಲ್ಲೋ ಹುಡುಕಿಸಿದೆ, ನಿಮ್ಮ ಹತ್ರ ಮಾತ್ರ ಒಂದು ಪ್ರತಿ ಇತ್ತು."

ಅವನು ಆ ಚಿತ್ರಗಳಿಂದಲೇ ಅಕ್ಷರ ತೆಗೆಯಲು ನೋಡಿದ. ಮಸುಕಿನಲ್ಲಿ ಯಂತ್ರಕ್ಕೆ ಒತ್ತಕ್ಷರಗಳೇ ಕಾಣಲಿಲ್ಲ. 'ಅಜ್ಜಿ ಕತ್ತೆ ಹತ್ತಿ ಹೊರಟಳು' ಎಂಬುದು 'ಅಜಿ ಕತೆ ಹತಿ ಹೊರಟಳು' ಎಂದಾಯಿತು. ಅದನ್ನು ಕೇಳಿ ಅವಳಿಗೆ ನಗು ಬಂತು. "ಕತ್ತೆ ಹೋಗಿ ಕತೆ ಆಯ್ತಲ್ಲ! ಅಮ್ಮ ಇದ್ದಿದ್ರೆ ಹೀಗೇ ಇರಲಿ ಬಿಡು ಅಂತಿದ್ದಳು." ಅವನಿಗೆ ನಗಲಾಗಲಿಲ್ಲ. "ನಾನೇ ಓದಿ ಟೈಪ್ ಮಾಡ್ತೀನಿ ಮೇಡಂ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ಗೊತ್ತಾಗದ ಕಡೆ ಹೇಳಿ."

ಅವಳು ಕೆಲಸ ಮುಗಿಸಿಕೊಂಡು ನಾಲ್ಕು ಮಧ್ಯಾಹ್ನ ಬಂದಳು. ಅವನು ಪುಟ ದೊಡ್ಡದು ಮಾಡಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಒಂದೊಂದೇ ಪದ ಓದುತ್ತ ಬೆರಳೆರಡರಲ್ಲಿ ಟೈಪ್ ಮಾಡಿದ. ಅಂಚೆ ಗಾಡಿಯ ಹಿಂದೆ ಹೋಗಿ ದಾರಿ ತಪ್ಪಿದ ಹುಡುಗಿಯ ಕಥೆ. ಅವನು ತಡವರಿಸಿದಲ್ಲೆಲ್ಲ ಅವಳು ಮುಂದಿನ ಮಾತು ಹೇಳಿಕೊಟ್ಟಳು. ನೂರು ಸಲ ಕೇಳಿದ ಕಥೆಯಲ್ಲವೆ. ನಾಲ್ಕನೆಯ ದಿನ ಕೊನೆಯ ಪುಟಕ್ಕೆ ಬಂದರು. ಆ ಹಾಳೆ ಸ್ಕ್ಯಾನರಿಗೆ ಹೋಗುವಾಗ ಸ್ವಲ್ಪ ಅಲುಗಿತ್ತು.

"'ಬಾಗಿಲು ತೆರೆದ ಅಮ್ಮನ ಮುಖ ನೋಡಿ ಹುಡುಗಿ ನಕ್ಕಳು,'" ಎಂದು ಓದಿದ.

ಅವಳು ಅವನ ಕಡೆಗೆ ತಿರುಗಿದಳು. "ಸರಿಯಾಗಿ ಕಾಣಿಸ್ತಿದೆಯಾ ಅಣ್ಣಾ? ನಕ್ಕಳು ಅಂತಾನೇ ಇದೆಯಾ?"

ಹೂಂ ಎಂದುಬಿಡಬಹುದಿತ್ತು. ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಮೂರಕ್ಷರ. ಕೊನೆಯದು 'ಳು', ಅದರಲ್ಲಿ ಅನುಮಾನವಿಲ್ಲ. ನಡುವಿನದೂ ಅದರ ಕೆಳಗಿನ ಒತ್ತೂ ಸೇರಿ ಬೂದು ಬಣ್ಣದ ಒಂದು ಕಲೆ. ಮೊದಲನೆಯದು ಬರೀ ಮಸಿ.

"ನಕ್ಕಳು ಅಂತ ನಾನು ಅಂದ್ಕೊಂಡೆ," ಎಂದ ಮೆಲ್ಲಗೆ. "ಅತ್ತಳು ಅಂತಾನೂ ಇರಬಹುದು. ಹೇಳಕ್ಕಾಗಲ್ಲ ಮೇಡಂ. ನಿಮಗೆ ಗೊತ್ತಿರಬೇಕಲ್ಲ?"

"ಅದೊಂದೇ ಗೊತ್ತಿಲ್ಲ. ನಾನು ಚಿಕ್ಕವಳಿದ್ದಾಗ ಅಮ್ಮ ಆ ಹುಡುಗೀನ ಒಂದು ದಿನ ನಗಿಸೋಳು, ಒಂದು ದಿನ ಅಳಿಸೋಳು. ನಿಜವಾಗ್ಲೂ ಏನಾಯ್ತು ಅಂದ್ರೆ, ಪುಸ್ತಕದಲ್ಲಿದೆ, ಒಂದಿನ ನೀನೇ ಓದ್ಕೋತೀಯ ಅನ್ನೋಳು. ಹುಟ್ಟಿದಾಗಿಂದ ಕಣ್ಣಿಲ್ಲದ ಮಗಳಿಗೆ ಹಾಗಂತಿದ್ದಳು."

ಬೈಂಡರ್ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಆ ಹಾಳೆ ನನ್ನ ಕೈಯಲ್ಲೇ ಇತ್ತು ಮೇಡಂ. ಅಂಚು ನೇರವಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ. ಓದಲಿಲ್ಲ."

ಅವಳು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ನಿಧಾನವಾಗಿ ಸುತ್ತಿಕೊಂಡಳು.

"ನಲವತ್ತು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದು ಅಣ್ಣಾ," ಎಂದಳು. "ದೊಡ್ಡವಳಾದ ಮೇಲೆ ನಾನು ಒಂದು ಸಲವಾದರೂ ಕೇಳಬಹುದಿತ್ತು."