ಕೆಂಪು ಸಮುದ್ರದಿಂದ ಬಂದ ಫೋನು

ಬಹಳ ಹೊತ್ತು ಮಾತಾಡಿ ಫೋನು ಅಂಗೈಯಲ್ಲಿ ಬಿಸಿಯಾದರೆ, ದಹಿಸರ್‌ನ ನಮ್ಮ ಒಂದೇ ಕೋಣೆಯ ಮನೆಯ ಆ ಮಧ್ಯಾಹ್ನ ಇಂದಿಗೂ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಅಪ್ಪ ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದರು. ಅವರು ಎಲ್ಲಿಂದ ಫೋನು ಮಾಡಿದರೂ, ಮಲ್ಪೆಯ ಕಡಲ ಬದಿಯಲ್ಲಿ ಬೆಳೆದ ಅಜ್ಜಿ ಮೊದಲು ಕೇಳುತ್ತಿದ್ದುದು ಒಂದೇ: "ಅಲ್ಲಿಯ ನೀರು ನಮ್ಮದರಷ್ಟೇ ಉಪ್ಪಾ ಮಗಾ?"

ಅಂದು ಅಜ್ಜಿಯ ಮಾತು ನಿಂತು ಎರಡು ದಿನವಾಗಿತ್ತು. ಡಾಕ್ಟರು ಮನೆಗೆ ಕಳಿಸಿಬಿಟ್ಟಿದ್ದರು. ಅಪ್ಪನ ಹಡಗು ಕೆಂಪು ಸಮುದ್ರದ ನಡುವೆ ಇತ್ತು.

"ಬಂದರು ಸಿಗ್ಲಿಕ್ಕೆ ಇನ್ನೂ ನಾಲ್ಕು ದಿನ ಉಂಟು. ಫೋನು ಅಜ್ಜಿಯ ಕಿವಿಗೆ ಹಿಡಿ ಮಗಳೇ" ಎಂದರು ಅಪ್ಪ. ನಾನು ಹಿಡಿದೆ.

"ಅಮ್ಮಾ, ಇಲ್ಲಿಯ ನೀರು ನಮ್ಮದಕ್ಕಿಂತ ಉಪ್ಪು. ಹೊಳೆ ಬಂದು ಸೇರುದಿಲ್ಲ, ಮಳೆಯೂ ಇಲ್ಲ. ಬಿಸಿಲಿಗೆ ನೀರು ಮಾತ್ರ ಆರ್ತದೆ, ಉಪ್ಪು ಇಲ್ಲೇ ಉಳೀತದೆ. ಹೋದ ವರ್ಷ ಬಾಲ್ಟಿಕ್ ಸಮುದ್ರಕ್ಕೆ ಹೋಗಿದ್ದೆನಲ್ಲ, ಅಲ್ಲಿ ಬರೀ ಹೊಳೆಗಳು, ನೀರು ಚಪ್ಪೆ."

ಅಜ್ಜಿಯ ಎದೆ ಒಮ್ಮೆ ಏರಿ ಇಳಿಯಿತು, ಮತ್ತೆ ಏರಲಿಲ್ಲ. ಅಮ್ಮ ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು. ನಾನು ಫೋನು ತೆಗೆಯಹೋದೆ. ಅಮ್ಮ ನನ್ನ ಕೈಯನ್ನು ಅಲ್ಲೇ ಒತ್ತಿ ಹಿಡಿದು, ಬೇಡವೆಂದು ತಲೆಯಾಡಿಸಿದಳು.

ಅಪ್ಪ ಹೇಳುತ್ತಲೇ ಇದ್ದರು. "ಉಪ್ಪೆಲ್ಲ ಮೊದಲು ಗುಡ್ಡದ ಕಲ್ಲಿನಲ್ಲಿ ಇದ್ದದ್ದಂತೆ ಅಮ್ಮಾ. ಮಳೆ ತೊಳೆದು ಹೊಳೆಗೆ ಹಾಕಿ, ಹೊಳೆ ಸ್ವಲ್ಪ ಸ್ವಲ್ಪವೇ ಕಡಲಿಗೆ ತಂದದ್ದು. ಕೇಳ್ತದಾ?"

ಅಮ್ಮ ಫೋನಿನತ್ತ ಬಗ್ಗಿದಳು.

"ಕೇಳ್ತಾ ಇದ್ದಾರೆ," ಎಂದಳು. "ನೀವು ಹೇಳಿ."