ಬಂಡೆಯ ಮೇಲಿನ ಚಪ್ಪಲಿ

ಬೇಸಿಗೆ ಬಂತೆಂದರೆ ವನಜಕ್ಕನೂ ಅವರ ಯಜಮಾನರೂ ಹೊಳೆದಂಡೆಯ ಶಿಬಿರದಲ್ಲಿ ಬಿಡಾರ ಹೂಡಿ, ಪ್ರವಾಸಿಗರನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ವನಜಕ್ಕನದು ಒಂದೇ ಕಟ್ಟಪ್ಪಣೆ: ನೀರಿಗಿಳಿಯುವವರು ಚಪ್ಪಲಿಯನ್ನು ಚಪ್ಪಟೆ ಬಂಡೆಯ ಮೇಲೆ ಬಿಡಬೇಕು, ಮೇಲೆ ಬಂದವರು ಮೆಟ್ಟಿಕೊಂಡು ಹೋಗಬೇಕು. ಸಂಜೆ ಬಂಡೆ ಬರಿದಾಗಿದ್ದರೆ ಎಲ್ಲರೂ ಕ್ಷೇಮ.

ಅಂದು ಸಂಜೆ ಬಂಡೆಯ ಮೇಲೆ ಒಂದು ಜೊತೆ ಉಳಿದಿತ್ತು. ಗಂಡಸರದು, ಹೊಚ್ಚಹೊಸದು.  ವನಜಕ್ಕ ಚಪ್ಪಲಿ ಹಿಡಿದುಕೊಂಡು ಟೆಂಟಿನಿಂದ ಟೆಂಟಿಗೆ ಓಡಿದರು.

“ಯಾರದ್ರಪ್ಪಾ ಇದು? ಎಲ್ಲಾರೂ ಇದ್ದೀರಾ?”

“ನಮ್ದಲ್ಲ ಆಂಟಿ. ನಾವೆಲ್ಲ ಇಲ್ಲೇ ಇದ್ದೀವಲ್ಲ.”

ಕೊನೆಯ ಟೆಂಟಿನಲ್ಲೂ ಅದೇ ಉತ್ತರ. ಹೋದ ಜೀವ ಬಂದಂತಾಯಿತು. ಹಿಂದೆಯೇ ಸಿಟ್ಟೂ ಬಂತು.

“ಮಧ್ಯಾಹ್ನ ಹೊರಟೋದ ಗುಂಪಿನೋರದೇ ಇರ್ಬೇಕು. ಹೊಸ ಚಪ್ಪಲಿ ಮರೆಯೋಷ್ಟು ಕೊಬ್ಬು!”

ಬೈದುಕೊಳ್ಳುತ್ತಲೇ, ಪೇಟೆಗೆ ಹೋಗಿದ್ದ ಯಜಮಾನರು ಬಂದಿದ್ದರೆ ಹೇಳೋಣವೆಂದು ಬಿಡಾರಕ್ಕೆ ಬಂದರು. ಒಳಗೆ ಯಾರೂ ಇರಲಿಲ್ಲ. ಹಗ್ಗದ ಮೇಲೆ ಯಜಮಾನರ ಟವೆಲ್ಲೂ ಇರಲಿಲ್ಲ. ಪೇಟೆಯಿಂದ ತಂದ ತರಕಾರಿ ಚೀಲದ ಪಕ್ಕ ಒಂದು ರಟ್ಟಿನ ಡಬ್ಬಿ ಇತ್ತು.

ವನಜಕ್ಕ ಮುಚ್ಚಳ ತೆಗೆದರು. ಇನ್ನಾದರೂ ಎಸೆಯಿರಿ ಎಂದು ತಾವು ವರ್ಷದಿಂದ ದುಂಬಾಲು ಬಿದ್ದಿದ್ದ, ಯಜಮಾನರ ಹಳೆಯ ಚಪ್ಪಲಿ ಒಳಗಿತ್ತು.