ವೆದರ್ಬಿಗಳ ಗ್ರೂಪ್ ಫೋಟೋ

“ಆ ಬ್ಯಾಡ್ಜ್ ಒಮ್ಮೆ ತೆಗಿ ಮಾರಾಯ,” ಎಂದ ಹೋಟೆಲಿನ ಬ್ಯಾಂಕ್ವೆಟ್ ಸೂಪರ್‌ವೈಸರ್ ನಾರ್ಬರ್ಟ್, ಅಡುಗೆಮನೆಯ ಬಾಗಿಲಲ್ಲೇ ವೇಟರ್ ಲಿಯೊನೆಲ್‌ನನ್ನು ತಡೆದು. “ಒಳಗೆ ಕೂತವರ ಹೆಸರೇ ನಿನ್ನ ಎದೆ ಮೇಲೆ ಉಂಟು. ತಮಾಷೆ ಮಾಡ್ತಿದ್ದೇವೆ ಅಂತ ತಿಳ್ಕೊಂಡ್ರೆ ನನ್ನ ಕೆಲಸ ಖಲಾಸ್.”

ಒಳಗೆ ಕೂತಿದ್ದವರು ವೆದರ್ಬಿಗಳು. ಆ ಹೆಸರಿನ ಇಂಗ್ಲಿಷರೆಲ್ಲ ವರ್ಷಕ್ಕೊಮ್ಮೆ ಸೇರಿ ಊಟ ಮಾಡುವ ಸಂಘ ಅದು. ಈ ಸಲ ದುಬೈ ಬ್ಯಾಂಕೊಂದರಲ್ಲಿದ್ದ ಒಬ್ಬ ವೆದರ್ಬಿ ಉಳಿದವರನ್ನು ಲಂಡನ್ನಿನ ಚಳಿಯಿಂದ ದುಬೈಯ ದೇರಾ ಬಡಾವಣೆಯ ಈ ಹೋಟೆಲಿಗೆ ಕರೆಸಿಕೊಂಡಿದ್ದ. ಲಿಯೊನೆಲ್‌ನ ಬ್ಯಾಡ್ಜಿನ ಮೇಲೂ ಅದೇ ಹೆಸರು. ಬಾರಿನಲ್ಲಿ ಮೊದಲೇ ಒಬ್ಬ ಲಿಯೊನೆಲ್ ಇದ್ದನೆಂದು ಇವನಿಗೆ ಮನೆತನದ ಹೆಸರಿನದನ್ನೇ ಮಾಡಿಸಿಕೊಟ್ಟಿದ್ದರು: ವೆದರ್ಬಿ.

“ನಾ ಏನ್ ಸುಳ್ಳು ಹೆಸರು ಹಚ್ಕೊಂಡೇನೇನ್ರಿ? ಪಾಸ್‌ಪೋರ್ಟ್ ತೋರಿಸ್ಲೇನು?” ಹುಬ್ಬಳ್ಳಿ ರೈಲ್ವೆ ಕಾಲೊನಿಯಲ್ಲಿ ಬೆಳೆದ ಲಿಯೊನೆಲ್‌ಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತಿರಲಿಲ್ಲ, ಹುಬ್ಬಳ್ಳಿ ಬರುತ್ತಿತ್ತು.

“ಪಾಸ್‌ಪೋರ್ಟ್ ನಮ್ಮ ಹೋಟೆಲ್ ಆಫೀಸಿನ ಕಪಾಟಿನಲ್ಲಿ ಉಂಟು, ಹೋಗಿ ಕೇಳು,” ಎಂದು ನಕ್ಕು, ರಜೆಯಲ್ಲಿ ಊರಿಗೆ ಹೋಗಿದ್ದ ಮೆಲ್ವಿನ್‌ನ ಬ್ಯಾಡ್ಜನ್ನು ನಾರ್ಬರ್ಟ್ ತಾನೇ ಲಿಯೊನೆಲ್‌ನ ಕೋಟಿಗೆ ಚುಚ್ಚಿದ. “ಊಟ ಮುಗಿಯುವವರೆಗೆ ಮೆಲ್ವಿನ್ ಆಗಿರು. ಯಲ್ಲಾ, ಬೇಗ ಹೋಗಿ ನೀರು ಕೊಡು.”

ಸ್ವಂತ ಬ್ಯಾಡ್ಜು ಪ್ಯಾಂಟಿನ ಜೇಬು ಸೇರಿತು. ಹೆಜ್ಜೆಯಿಟ್ಟಾಗಲೆಲ್ಲ ಅದರ ಪಿನ್ನು ತೊಡೆಗೆ ತಾಗುತ್ತಿತ್ತು. ಊಟದ ಹಾಲ್‌ನ ಗೋಡೆಯ ಮೇಲೆ ಸ್ಲೈಡುಗಳು ಬೀಳುತ್ತಿದ್ದವು. ಒಬ್ಬ ಬಿಷಪ್ ವೆದರ್ಬಿ, ಒಬ್ಬ ಜಡ್ಜ್ ವೆದರ್ಬಿ, ದಪ್ಪ ಮೀಸೆಯ ಕ್ರಿಕೆಟ್ ಆಟಗಾರ ವೆದರ್ಬಿ. ಒಬ್ಬೊಬ್ಬರಿಗೂ ಮೇಜಿನ ಸುತ್ತಲಿನವರು ಸ್ವಂತ ಅಪ್ಪನೇ ಎದ್ದು ಬಂದಂತೆ ಚಪ್ಪಾಳೆ ತಟ್ಟುತ್ತಿದ್ದರು. ಲಿಯೊನೆಲ್ ಗ್ಲಾಸು ತುಂಬಿಸುತ್ತ ಗೋಡೆಯನ್ನೇ ನೋಡುತ್ತಿದ್ದ. ನಮ್ಮ ಅಜ್ಜ ಸೇತುವೆ ಕಟ್ಟಿದ ದೊರೆ ಎಂದು ಅಪ್ಪ ಹೇಳಿದಾಗಲೆಲ್ಲ ಕಾಲೊನಿಯವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅಪ್ಪ ಆ ನಗುವಿನ ನಡುವೆಯೇ ಸತ್ತ. ಅವನು ಹೇಳಿದ್ದು ಸುಳ್ಳಲ್ಲ ಎಂದು ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು. ಬೇರೇನೂ ಬೇಕಿರಲಿಲ್ಲ.

ಮುಂದಿನ ಸ್ಲೈಡಿನಲ್ಲಿ ಅರ್ಧ ಎದ್ದ ಕಬ್ಬಿಣದ ಸೇತುವೆ. ಅದರ ಮುಂದೆ ಸರ್ವೇ ದುರ್ಬೀನಿಗೆ ಬಲಗಣ್ಣು ಹಚ್ಚಿ ನಿಂತ, ಟೊಪ್ಪಿಗೆಯ ದೊರೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

“ರೈಲ್ವೆ ಎಂಜಿನಿಯರ್,” ಎಂದರು ಸಂಘದ ಅಧ್ಯಕ್ಷರು. “ನಮ್ಮಲ್ಲಿ ಹಲವರ ಹಾಗೆ ಇವರಿಗೂ ಕೈ ಅಡ್ಡ ಹಿಡಿಯದೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ!” ಎಲ್ಲರೂ ನಕ್ಕರು. “ಇಂಡಿಯಾದ ಹುಬ್ಬಳ್ಳಿ ಎಂಬಲ್ಲಿ ತೀರಿಕೊಂಡರು. ಮದುವೆಯಾಗಲಿಲ್ಲ. ಮಕ್ಕಳಿಲ್ಲ.”

ಲಿಯೊನೆಲ್‌ನ ಅಪ್ಪನೂ ಕೇರಂ ಆಡುವಾಗ ಸ್ಟ್ರೈಕರ್ ಹೊಡೆಯುವ ಮುಂಚೆ ಹೀಗೇ ಅಂಗೈಯಿಂದ ಎಡಗಣ್ಣು ಮುಚ್ಚುತ್ತಿದ್ದ. ಗ್ಲಾಸು ತುಂಬಿ ನೀರು ಮೇಜಿನ ಬಟ್ಟೆಗೆ ಹರಿಯಿತು. ಪಕ್ಕದಲ್ಲಿದ್ದ ಬೆಳ್ಳಿಗೂದಲಿನ ಮುದುಕಿ ತನ್ನ ನ್ಯಾಪ್ಕಿನ್ ಅದರ ಮೇಲೆ ಹಾಕಿ, “ಇರಲಿ ಬಿಡು, ನೀರು ತಾನೆ,” ಎಂದಳು.

“ಆ ಸೇತುವೆ ದೊರೆ ನಮ್ಮ ಮುತ್ತಜ್ಜ ರೀ,” ಎಂದ ಲಿಯೊನೆಲ್, ಅಡುಗೆಮನೆಗೆ ಬಂದು ನಾರ್ಬರ್ಟ್‌ಗೆ.

“ಮಕ್ಕಳಿಲ್ಲ ಅಂತ ಹೇಳಿದ್ರಲ್ಲ?”

“ಹಂಗಾರ ನಾ ಯಾರು?”

ನಾರ್ಬರ್ಟ್ ಟ್ರೇಯ ಮೇಲಿನ ಬಟ್ಟಲುಗಳನ್ನು ಸರಿಪಡಿಸಿದ. ಸರಿಯಾಗಿದ್ದವನ್ನೇ ಮತ್ತೊಮ್ಮೆ ಸರಿಪಡಿಸಿದ. “ನೀನು ಮೆಲ್ವಿನ್. ಐಸ್‌ಕ್ರೀಂ ಕರಗ್ತದೆ, ತಕೊಂಡು ಹೋಗು.”

ಐಸ್‌ಕ್ರೀಂ ಮುಗಿಸಿ ಎಲ್ಲರೂ ಗೋಡೆಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಅಧ್ಯಕ್ಷರು ಪುಟ್ಟ ಕ್ಯಾಮೆರಾವನ್ನು ಲಿಯೊನೆಲ್‌ನ ಕೈಗಿಟ್ಟು ಓಡಿಹೋಗಿ ನಡುವೆ ಸೇರಿಕೊಂಡರು. “ವೆದರ್ಬಿಗಳು ಎಲ್ಲರೂ ಬಂದೆವು. ತೆಗಿ!”

ಲಿಯೊನೆಲ್ ಕ್ಯಾಮೆರಾವನ್ನು ಬಲಗಣ್ಣಿಗೆ ಹಿಡಿದ. ಎಡಗೈ ತಾನಾಗಿ ಮೇಲೆದ್ದು ಎಡಗಣ್ಣನ್ನು ಮುಚ್ಚಿತು. ಫ್ಲ್ಯಾಶ್ ಬಿತ್ತು. ಮುದುಕಿಯ ನಗು ಅಲ್ಲೇ ನಿಂತಿತು. ಅವಳು ಸಾಲು ಬಿಟ್ಟು ನಿಧಾನವಾಗಿ ನಡೆದು ಬಂದಳು.

“ನನ್ನ ತಂದೆಯೂ ಕ್ಯಾಮೆರಾ ಹೀಗೇ ಹಿಡಿಯುತ್ತಿದ್ದರು,” ಎಂದಳು. ಕೊರಳಲ್ಲಿ ತೂಗುತ್ತಿದ್ದ ಕನ್ನಡಕ ಏರಿಸಿ ಅವನ ಎದೆಯತ್ತ ಬಾಗಿದಳು. “ಮೆಲ್ವಿನ್... ಪೂರ್ತಿ ಹೆಸರೇನಪ್ಪಾ?”

ಲಿಯೊನೆಲ್‌ನ ಕೈ ಜೇಬಿಗೆ ಇಳಿಯಿತು. ಪಿನ್ನು ಬೆರಳಿಗೆ ಚುಚ್ಚಿತು.

“ಪಾಯ್ಸ್, ಮೇಡಂ,” ಹಿಂದಿನಿಂದ ನಾರ್ಬರ್ಟ್‌ನ ದನಿ. “ಮೆಲ್ವಿನ್ ಪಾಯ್ಸ್. ಮಂಗಳೂರಿನವ.”

ಅವಳು ನಾರ್ಬರ್ಟ್‌ನನ್ನು ನೋಡಲಿಲ್ಲ, ಲಿಯೊನೆಲ್‌ನನ್ನೇ ನೋಡಿದಳು. ಅವನು ಜೇಬಿನಿಂದ ಬರಿಗೈ ಹೊರತೆಗೆದ. “ಇನ್ನೊಂದು ತೆಗಿ,” ಎಂದಷ್ಟೇ ಹೇಳಿ ಅವಳು ತನ್ನ ಜಾಗಕ್ಕೆ ಮರಳಿದಳು.

ಅವನು ಮತ್ತೆ ಕ್ಯಾಮೆರಾ ಎತ್ತಿದ, ಮತ್ತೆ ಅಂಗೈ ಎತ್ತಿದ. ಕ್ಯಾಮೆರಾದ ಪುಟ್ಟ ಕಿಂಡಿಯಲ್ಲಿ ಸಾಲಿನ ತುದಿಗಿದ್ದ ಮುದುಕಿ ಅವನತ್ತಲೇ ನೋಡುತ್ತ ತನ್ನ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡಳು.

“ಕೈ ಇಳಿಸಿ ಆಂಟಿ, ಮುಖ ಕಾಣುವುದಿಲ್ಲ,” ಎಂದರು ಅಧ್ಯಕ್ಷರು.

ಆಕೆ ಇಳಿಸಲಿಲ್ಲ. ಅವನೂ ಇಳಿಸಲಿಲ್ಲ.